ವೈದ್ಯರ ಪತ್ರಿಕೆಗೆ ಔಷಧ ಕಂಪನಿ ಜಾಹೀರಾತು: ಯಾವುದು ತಗೊಳ್ಳಬಹುದು, ಯಾವುದು ಕೂಡದು?

ತುಂಗಾ ದಂಡೆ

ಶಿವಮೊಗ್ಗ ಜಿಲ್ಲೆಯ ವೈದ್ಯರ ಸಂಘವೊಂದರ ತ್ರೈಮಾಸಿಕಕ್ಕೆ ಜಾಹೀರಾತು ನೀತಿ ಬರೆಯಬೇಕಿದೆ. 64 ಪುಟದ ಪತ್ರಿಕೆ. ಸದಸ್ಯರಿಗೆ ಅಂಚೆಯಲ್ಲಿ ಹೋಗುತ್ತದೆ, ಪಿಡಿಎಫ್ ಮಾತ್ರ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆದು ಓದುವಂತಿದೆ. ಇಲ್ಲಿಯವರೆಗೆ ನೀತಿ ಅಂತ ಏನೂ ಇರಲಿಲ್ಲ, ದುಡ್ಡು ಬಂದರೆ ಪುಟ ಕೊಡುವುದು ಅಷ್ಟೇ. ಮುಂದಿನ ಸಂಚಿಕೆಗೆ ನಾಲ್ಕು ಕೋರಿಕೆ ಬಂದು ಕೂತಿವೆ.

ಮೊದಲನೆಯದು ನೋವು-ಜ್ವರದ ಸಂಯುಕ್ತ (ಒಂದಕ್ಕಿಂತ ಹೆಚ್ಚು ಔಷಧ ಬೆರೆಸಿದ) ಮಾತ್ರೆಗೆ ಬಣ್ಣದ ಪೂರ್ತಿ ಪುಟ. ಅದೇ ಸಂಚಿಕೆಯಲ್ಲಿ ಮಂಗನ ಕಾಯಿಲೆಯ ಲೇಖನವೂ ಇದೆ. ಎರಡನೆಯದು ಕೊಲೆಸ್ಟರಾಲ್ ಮಾತ್ರೆ, ‘ಹೃದಯಾಘಾತ ಶೇ 36 ಇಳಿಕೆ’ ಅಂತ ದಪ್ಪಕ್ಷರದ ತಲೆಬರಹ. ಮೂರನೆಯದು ಶಿಶು ಆಹಾರದ ಕಂಪನಿ, ಮಕ್ಕಳ ವಿಶೇಷ ಸಂಚಿಕೆಯ ಅಚ್ಚಿನ ಖರ್ಚು ಪೂರ್ತಿ ತಾನೇ ಹೊರುತ್ತದಂತೆ. ನಾಲ್ಕನೆಯದು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ನಾಲ್ಕು ಪುಟದ ‘ಲೇಖನ’. ಬರೆದವರು ಅವರದೇ ತಜ್ಞರು, ಕೊನೆಯಲ್ಲಿ ಅಪಾಯಿಂಟ್‌ಮೆಂಟ್ ನಂಬರು.

‘ಎಲ್ಲಾ ಬೇಡ’ ಅನ್ನುವವರು ಅಚ್ಚಿಗೂ ಅಂಚೆಗೂ ದುಡ್ಡು ಎಲ್ಲಿಂದ ಅನ್ನುವುದನ್ನೂ ಜೊತೆಗೇ ಬರೆಯಿರಿ.

ಕೊಪ್ಪದ ಕಾಫಿ

ಎಲ್ಲಾ ಬೇಡ. ವೈದ್ಯಕೀಯ ಪತ್ರಿಕೆ ‘ಪಿಎಲ್ಓಎಸ್ ಮೆಡಿಸಿನ್’ 2004ರಲ್ಲಿ ಶುರುವಾದಾಗಲೇ ಔಷಧ, ವೈದ್ಯಕೀಯ ಉಪಕರಣಗಳ ಜಾಹೀರಾತು ತಗೊಳ್ಳಲ್ಲ ಅಂತ ಘೋಷಿಸಿತು. ‘ಎಮರ್ಜೆನ್ಸಿ ಮೆಡಿಸಿನ್ ಆಸ್ಟ್ರಲೇಷಿಯಾ’ 2011ರಲ್ಲಿ ಔಷಧ ಜಾಹೀರಾತು ನಿಲ್ಲಿಸಿತು. ಪತ್ರಿಕೆ ಮುಚ್ಚಿಹೋಗಲಿಲ್ಲ. ದುಡ್ಡಿಗೆ ಬ್ಯಾಂಕು, ಕಾರ್ ಶೋರೂಂ, ಅಡಿಕೆ ಮಂಡಿ ಇಲ್ವಾ ಮಾರಾಯ್ರೆ? ಸದಸ್ಯತ್ವದ ಶುಲ್ಕ ಸ್ವಲ್ಪ ಏರಿಸಿ, ಅಚ್ಚಿನ ಪ್ರತಿ ಬೇಕು ಅಂದವರಿಗೆ ಮಾತ್ರ ಕಳಿಸಿ. ಅರ್ಧ ಖರ್ಚು ಅಲ್ಲೇ ಉಳಿಯುತ್ತೆ.

ಸಾಗರದ ಮಕ್ಕಳ ಡಾಕ್ಟ್ರು

ಮೂರನೆಯದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಶಿಶು ಹಾಲಿನ ಬದಲಿಗಳ ಕಾಯ್ದೆ 1992, ತಿದ್ದುಪಡಿ 2003. ಎರಡು ವರ್ಷದ ಒಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ, ಹಾಲಿನ ಬಾಟಲಿ, ಇವುಗಳ ಜಾಹೀರಾತು ಯಾವ ಮಾಧ್ಯಮದಲ್ಲೂ ಕೂಡದು. ವೈದ್ಯರ ಪತ್ರಿಕೆಗೆ ವಿನಾಯಿತಿ ಇಲ್ಲ. ಅದಕ್ಕಿಂತ ಮುಖ್ಯವಾದದ್ದು 9ನೇ ಕಲಮು: ಇಂಥ ಕಂಪನಿ ಆರೋಗ್ಯ ಕಾರ್ಯಕರ್ತರಿಗಾಗಲಿ ಅವರ ಸಂಘಕ್ಕಾಗಲಿ ಸೆಮಿನಾರ್, ಸಮ್ಮೇಳನ, ಸ್ಪರ್ಧೆ, ಫೆಲೋಶಿಪ್, ಸಂಶೋಧನೆ, ಪ್ರಾಯೋಜಕತ್ವ, ಯಾವ ಹೆಸರಿನಲ್ಲೂ ಹಣ ಕೊಡುವಂತಿಲ್ಲ. ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು.

ಅವರು ಬಳಸುವ ಅಡ್ಡದಾರಿ ಗೊತ್ತಿರಲಿ. ಬ್ರ್ಯಾಂಡ್ ಹೆಸರು ಹಾಕದೆ ‘ನ್ಯೂಟ್ರಿಷನ್ ವಿಭಾಗ’ ಅಥವಾ ಇನ್ನಾವುದೋ ‘ಇನ್‌ಸ್ಟಿಟ್ಯೂಟ್’ ಹೆಸರಲ್ಲಿ ಚೆಕ್ ಬರುತ್ತದೆ. ಚೆಕ್ಕಿನ ಮೇಲಿನ ಹೆಸರು ನೋಡಿದರೆ ಸಾಲದು, ಆ ಸಂಸ್ಥೆಯನ್ನು ನಡೆಸುವವರು ಯಾರು ನೋಡಬೇಕು. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ‘ಬಿಎಂಜೆ’ಗೆ ಇಂಥ ಕಾಯ್ದೆಯ ಒತ್ತಡ ಇರಲಿಲ್ಲ. ಆದರೂ 2019ರಲ್ಲಿ ತಾಯಿಹಾಲಿನ ಬದಲಿಗಳ ಜಾಹೀರಾತು ನಿಲ್ಲಿಸಿತು. ನಮ್ಮಲ್ಲಿ ಕಾಯ್ದೆ ಇದ್ದೂ ಕೇಳುವವರು ಕೇಳುತ್ತಲೇ ಇದ್ದಾರೆ.

ಫಾರ್ಮಕಾಲಜಿ ಮೇಷ್ಟ್ರು

ಎರಡನೆಯದನ್ನು ಬಿಡಿಸಿ ನೋಡೋಣ, ಉಳಿದ ಜಾಹೀರಾತಿಗೂ ಇದೇ ಕ್ರಮ ನಡೆಯುತ್ತದೆ.

‘ಶೇ 36’ ಅನ್ನುವುದು ಸುಳ್ಳು ಸಂಖ್ಯೆಯಲ್ಲ. 2003ರ ಆಸ್ಕಾಟ್ ಪ್ರಯೋಗದ ಅಂಕಿ ಅದು. ರಕ್ತದೊತ್ತಡದ ಜೊತೆ ಇನ್ನೂ ಕನಿಷ್ಠ ಮೂರು ಅಪಾಯಕಾರಿ ಅಂಶ ಇದ್ದವರಿಗೆ ದಿನಕ್ಕೆ 10 ಮಿ.ಗ್ರಾಂ ಅಟೋರ್ವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಔಷಧ. ಮಾತ್ರೆ ತಗೊಂಡ 5,168 ಜನರಲ್ಲಿ 100 ಮಂದಿಗೆ ಹೃದಯಾಘಾತ ಅಥವಾ ಹೃದ್ರೋಗದ ಸಾವು. ಹುಸಿಮಾತ್ರೆಯ 5,137 ಜನರಲ್ಲಿ 154 ಮಂದಿಗೆ. ಅಂದರೆ ಸುಮಾರು ಶೇ 3 ಇದ್ದದ್ದು ಶೇ 1.9ಕ್ಕೆ ಇಳಿಯಿತು. ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿದರೆ ಇಳಿಕೆ ಸುಮಾರು ಶೇ 36, ಒಂದರಿಂದ ಇನ್ನೊಂದನ್ನು ಕಳೆದರೆ 1.1. ಒಬ್ಬರಿಗೆ ಲಾಭ ಆಗಲು ಸುಮಾರು 94 ಜನ ಮೂರು ವರ್ಷಕ್ಕೂ ಹೆಚ್ಚು ಕಾಲ ಮಾತ್ರೆ ನುಂಗಬೇಕು. ಔಷಧ ಕೆಟ್ಟದ್ದು ಅಂತ ಇದರರ್ಥ ಅಲ್ಲ, ಯಾರಿಗೆ ಬರೆಯಬೇಕು ಅನ್ನುವ ತೀರ್ಮಾನಕ್ಕೆ ಎರಡೂ ಅಂಕಿ ಬೇಕು. ಹಾಗಾಗಿ ಷರತ್ತು ಹಾಕಿ: ಶೇಕಡಾ ಇಳಿಕೆ ಅಚ್ಚಾಗುವ ಅಕ್ಷರದ ಗಾತ್ರದಲ್ಲೇ ಎರಡೂ ಗುಂಪಿನ ಮೂಲ ಸಂಖ್ಯೆ, ಎಷ್ಟು ವರ್ಷದ ಅವಧಿ ಅನ್ನುವುದು ಅಚ್ಚಾಗಬೇಕು.

ಆಮೇಲೆ ಆ ಪುಟ್ಟ ಉಲ್ಲೇಖ ಸಂಖ್ಯೆಗಳು. ಹೆಚ್ಚಿನವರು ಅದನ್ನು ನೋಡಿದ ಕೂಡಲೇ ನಂಬಿಬಿಡುತ್ತಾರೆ. ಸ್ಪೇನಿನ ವೈದ್ಯಕೀಯ ಪತ್ರಿಕೆಗಳ ಜಾಹೀರಾತುಗಳಲ್ಲಿದ್ದ ಉಲ್ಲೇಖಗಳನ್ನು ಹುಡುಕಿ ತೆಗೆದು ಓದಿದ ಅಧ್ಯಯನ 2003ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ರಕ್ತದೊತ್ತಡ, ಕೊಲೆಸ್ಟರಾಲ್ ಔಷಧಗಳದ್ದೇ ಜಾಹೀರಾತು. ತಾಳೆ ನೋಡಲು ಸಿಕ್ಕಿದ 102 ಕಡೆಗಳಲ್ಲಿ 45ರಲ್ಲಿ ಉಲ್ಲೇಖಿಸಿದ ಲೇಖನ ಜಾಹೀರಾತಿನ ಮಾತನ್ನು ಬೆಂಬಲಿಸುತ್ತಿರಲಿಲ್ಲ. ಹೆಚ್ಚಿನವು ಲೇಖನದಲ್ಲಿದ್ದ ರೋಗಿಗಳೇ ಬೇರೆ, ಜಾಹೀರಾತು ಶಿಫಾರಸು ಮಾಡಿದ ರೋಗಿಗಳೇ ಬೇರೆ ಎಂಬ ಬಗೆಯವು.

ನಮ್ಮಲ್ಲಿ ಇದರ ಜೊತೆಗೆ ಇನ್ನೂ ಕೆಲವು ಇವೆ. ಒಂಟಿ ಔಷಧದ ಪ್ರಯೋಗವನ್ನು ತೋರಿಸಿ ಮೂರು ಔಷಧ ಬೆರೆಸಿದ ಮಾತ್ರೆಯನ್ನು ಮಾರುವುದು. ‘ಡೇಟಾ ಆನ್ ಫೈಲ್’ ಅಂತ ಬರೆದು ಕೈತೊಳೆದುಕೊಳ್ಳುವುದು, ಅಂದರೆ ಪುರಾವೆ ಕಂಪನಿಯ ಕಪಾಟಿನಲ್ಲಿದೆ, ನಿಮಗೆ ಕಾಣಿಸುವುದಿಲ್ಲ. ಸಮ್ಮೇಳನದ ಪೋಸ್ಟರನ್ನು ಪ್ರಕಟಿತ ಲೇಖನದಂತೆ ಉಲ್ಲೇಖಿಸುವುದು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತದ್ದನ್ನು ರೋಗಿ ಗುಣವಾದಂತೆ ತೋರಿಸುವುದು. ಪಟ್ಟಿ ನಕ್ಷೆಯ ಲಂಬ ಅಕ್ಷವನ್ನು ಸೊನ್ನೆಯ ಬದಲು 80ರಿಂದ ಶುರುಮಾಡುವುದು. 88ಕ್ಕೂ 92ಕ್ಕೂ ನಡುವಿನ ವ್ಯತ್ಯಾಸ ಆಗ ಒಂದೂವರೆ ಪಟ್ಟಿನಂತೆ ಕಾಣುತ್ತದೆ. ಇದನ್ನು ಹಿಡಿಯಲು ಸ್ಕೇಲ್ ಸಾಕು, ಪಿಎಚ್‌ಡಿ ಬೇಡ.

ಆದ್ದರಿಂದ ಜಾಹೀರಾತಿನ ವಿನ್ಯಾಸದ ಜೊತೆಗೇ ಉಲ್ಲೇಖಿಸಿದ ಪ್ರತಿಯೊಂದು ಲೇಖನದ ಪೂರ್ಣಪಾಠ, ಅನುಮೋದಿತ ಪ್ಯಾಕೇಜ್ ಇನ್ಸರ್ಟ್ (ಔಷಧದ ಜೊತೆ ಬರುವ ಮಾಹಿತಿ ಪತ್ರ), ಮಾರಾಟ ಅನುಮತಿ ಪತ್ರದ ಪ್ರತಿ ಕೇಳಿ. ಇವು ಬಾರದೆ ಪರಿಶೀಲನೆಗೇ ತಗೋಬೇಡಿ. ಕೇಳಿದ ಮೇಲೆ ಸುಮಾರು ಕೋರಿಕೆ ತಾವಾಗಿಯೇ ಹಿಂದೆ ಹೋಗುತ್ತವೆ.

ಸೊರಬದ ಸ್ಟೆತೋಸ್ಕೋಪ್

ಮೇಷ್ಟ್ರು ಹೇಳಿದ ಪರೀಕ್ಷೆಯೆಲ್ಲಾ ಪಾಸಾದ ಜಾಹೀರಾತೂ ತಪ್ಪು ಜಾಗದಲ್ಲಿ ಕೂತರೆ ಅಪಾಯವೇ. ಮೊದಲನೆಯದನ್ನೇ ತಗೊಳ್ಳಿ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಇವತ್ತಿಗೂ ನಿರ್ದಿಷ್ಟ ಆಂಟಿವೈರಲ್ ಇಲ್ಲ. ಪ್ಲೇಟ್‌ಲೆಟ್ ಇಳಿಯುತ್ತದೆ, ವಸಡು, ಮೂಗು, ಕರುಳಿನಲ್ಲಿ ರಕ್ತಸ್ರಾವ ಆಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಿ, ಆಸ್ಪಿರಿನ್, ಡೈಕ್ಲೋಫೆನಾಕ್, ನಿಮೆಸುಲೈಡ್ ಬೇಡ ಅನ್ನುವುದು ಲೇಖನದಲ್ಲಿ ಇದ್ದೇ ಇರುತ್ತದೆ. ಎದುರು ಪುಟದಲ್ಲಿ ‘ಜ್ವರ, ಮೈಕೈ ನೋವಿಗೆ ಬೇಗ ಶಮನ’ ಅಂತ ಆ ಗುಂಪಿನದೇ ಮಾತ್ರೆ ಕೂತರೆ? ಡೆಂಗಿಗೂ ಇದೇ ಮಾತು. ಜಾಹೀರಾತಿನಲ್ಲಿ ಸುಳ್ಳು ಒಂದಕ್ಷರವೂ ಇರುವುದಿಲ್ಲ, ಆದರೂ ಎರಡೂ ಸೇರಿ ಓದುಗರಿಗೆ ಹೇಳುವುದು ಬೇರೆಯೇ. ಅದು ನಿಮೆಸುಲೈಡ್ ಆಗಿದ್ದರೆ, 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು 2011ರಲ್ಲೇ ನಿಷೇಧಿಸಿದ್ದಾರೆ. ಆ ಸಾಲು ದೊಡ್ಡದಾಗಿ ಇದೆಯಾ ನೋಡಿ.

ಇನ್ನೊಂದು, ಮಲೆನಾಡಿಗೇ ಸೇರಿದ್ದು. ಹಾವಿನ ವಿಷಕ್ಕೆ ಕೊಡುವ ನಮ್ಮ ದೇಶದ ಪಾಲಿವೇಲೆಂಟ್ ಚುಚ್ಚುಮದ್ದು ನಾಲ್ಕು ಹಾವುಗಳ ವಿಷದಿಂದ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಘಟ್ಟದಲ್ಲಿ ತೋಟದ ಆಳುಗಳಿಗೆ ಕಚ್ಚುವ ಹಂಪ್‌ನೋಸ್ಡ್ ಪಿಟ್ ವೈಪರ್ ಇದರೊಳಗೆ ಬರುವುದಿಲ್ಲ. ‘ಭಾರತದ ವಿಷಸರ್ಪಗಳಿಗೆ’ ಅಂತ ಮೊಗಮ್ಮಾಗಿ ಬರೆದ ಜಾಹೀರಾತು ಬಂದರೆ ನಾಲ್ಕೂ ಹೆಸರು ಬರೆಸಿಯೇ ಹಾಕಿ. ದೆಹಲಿಯ ಪತ್ರಿಕೆಯಲ್ಲಿ ಅದು ಸಣ್ಣ ಲೋಪ. ತೀರ್ಥಹಳ್ಳಿ, ಹೊಸನಗರದ ಡಾಕ್ಟ್ರು ಓದುವ ಪತ್ರಿಕೆಯಲ್ಲಿ ಹಾಗಲ್ಲ.

ಅಚ್ಚಿನಮನೆ

ಈ ‘ಎದುರು ಪುಟ’ದ ತೊಂದರೆ ಸಂಪಾದಕರ ಮೇಜಿನಲ್ಲಿ ಹುಟ್ಟುವುದು ಕಡಿಮೆ, ಪ್ರೆಸ್ಸಿನಲ್ಲೇ ಹೆಚ್ಚು. 64 ಪುಟ ಅಂದರೆ 16 ಪುಟದ ನಾಲ್ಕು ಫಾರಂ, ಒಂದೊಂದು ಫಾರಂ ಒಟ್ಟಿಗೇ ಅಚ್ಚಾಗಿ ಮಡಿಚಿಕೊಳ್ಳುವ ಒಂದು ಹಾಳೆ. ದುಡ್ಡು ಉಳಿಸಲು ಒಂದೇ ಫಾರಂ ಬಹುವರ್ಣ, ಉಳಿದ ಮೂರು ಕಪ್ಪು-ಬಿಳುಪು ಮಾಡುತ್ತಾರೆ. ಬಣ್ಣದ ಜಾಹೀರಾತೆಲ್ಲಾ ಆ ಒಂದು ಫಾರಂಗೇ ಬಂದು ಬೀಳುತ್ತದೆ. ಕೊನೇ ಗಳಿಗೆಯಲ್ಲಿ ಲೇಖನ ಎರಡು ಪುಟ ಉದ್ದವಾಯಿತು, ಎಲ್ಲಾ ಮುಂದೆ ಸರಿಯಿತು, ಮಂಗನ ಕಾಯಿಲೆ ಹೋಗಿ ನೋವಿನ ಮಾತ್ರೆಯ ಎದುರಿಗೆ ಕೂತಿತು. ಯಾರ ಕುತಂತ್ರವೂ ಅಲ್ಲ.

ಪರಿಹಾರ ಸುಲಭ. ಜಾಹೀರಾತುಗಳನ್ನು ಪರಿವಿಡಿಗೆ ಮೊದಲು ಮತ್ತು ಕೊನೆಯ ಲೇಖನದ ನಂತರ ಮಾತ್ರ ಹಾಕಿ. ಅವುಗಳಿಗೆ ಬೇರೆ ಪುಟಸಂಖ್ಯೆ ಕೊಡಿ, ಹಳೆಯ ಪತ್ರಿಕೆಗಳಲ್ಲಿ ರೋಮನ್ ಅಂಕಿ ಹಾಕುತ್ತಿದ್ದ ಹಾಗೆ. ಬಹುವರ್ಣವನ್ನು ರಕ್ಷಾಪುಟದ ನಾಲ್ಕು ಮಗ್ಗುಲು ಮತ್ತು ಹೊರ ಫಾರಂಗೆ ಸೀಮಿತ ಮಾಡಿ. ಲೇಖನ ಮುಗಿದ ಮೇಲೆ ಉಳಿದ ಅರ್ಧ ಪುಟಕ್ಕೆ ಜಾಹೀರಾತು ತುಂಬುವ ಚಾಳಿ ಬಿಡಿ. ಪಿಡಿಎಫ್ ಕತ್ತರಿಸಿದಾಗ ಆ ಅರ್ಧ ಪುಟ ಲೇಖನಕ್ಕೆ ಅಂಟಿಕೊಂಡು ಶಾಶ್ವತವಾಗಿ ಉಳಿಯುತ್ತದೆ. ಕೊನೆಯದಾಗಿ, ಪ್ಲೇಟ್ ಮಾಡುವ ಮೊದಲು ಬಿಡಿ ಪುಟದ ಪ್ರೂಫ್ ನೋಡಿ ಸಹಿ ಹಾಕಬೇಡಿ, ಮಡಿಚಿದ ಡಮ್ಮಿ ತರಿಸಿಕೊಂಡು ಜೋಡಿ ಪುಟಗಳನ್ನು ನೋಡಿ ಸಹಿ ಹಾಕಿ.

ಫಾರ್ಮಕಾಲಜಿ ಮೇಷ್ಟ್ರು

ಅಚ್ಚಿನಮನೆಯವರು ಹೇಳಿದ ‘ಶಾಶ್ವತ’ಕ್ಕೆ ಒಂದು ಮಾತು. ಸಂಯುಕ್ತ ಔಷಧಗಳನ್ನು ಸರ್ಕಾರ ಗೊಂಚಲುಗಟ್ಟಲೆ ನಿಷೇಧಿಸಿದೆ: 2016ರಲ್ಲಿ 344, 2018ರಲ್ಲಿ 328, 2024ರ ಆಗಸ್ಟ್‌ನಲ್ಲಿ 156. ಕೋರ್ಟಿನ ಏರಿಳಿತ ಬೇರೆ. ಸಂಚಿಕೆ ಹೊರಬಂದ ಮೇಲೆ ನಿಷೇಧವಾದ ಔಷಧದ ಜಾಹೀರಾತು ಜಾಲತಾಣದಲ್ಲಿ ಹಾಗೇ ಇರಬಾರದು. ಅಚ್ಚಿಗೆ ಹೋಗುವ ವಾರ ಒಮ್ಮೆ, ಆಮೇಲೆ ಪ್ರತಿ ಹೊಸ ಅಧಿಸೂಚನೆ ಬಂದಾಗ ಪಟ್ಟಿಯನ್ನು ತಾಳೆ ನೋಡುವ ಕೆಲಸವನ್ನು ಯಾರಿಗಾದರೂ ಒಬ್ಬರಿಗೆ ಹೆಸರಿಟ್ಟು ಒಪ್ಪಿಸಿ.

ಕೋರ್ಟ್ ರಸ್ತೆ

ಕಾನೂನಿನ ಕಡೆ ನೋಡೋಣ. ಆ ತೆರೆದ ಪಿಡಿಎಫ್ ದೊಡ್ಡ ಸಮಸ್ಯೆ, ಯಾರೂ ಗಮನಿಸಿದಂತಿಲ್ಲ.

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ಮುಂತಾಗಿ ಅನುಸೂಚಿಯಲ್ಲಿರುವ ರೋಗಗಳಿಗೆ ಔಷಧದ ಜಾಹೀರಾತು ಮಾಡುವಂತಿಲ್ಲ. ವೈದ್ಯರ ಪತ್ರಿಕೆಗೆ ಉಸಿರಾಡಲು ಜಾಗ ಸಿಗುವುದು 14ನೇ ಕಲಮಿನಿಂದ: ನೋಂದಾಯಿತ ವೈದ್ಯರಿಗೆ ಮಾತ್ರ, ಗೌಪ್ಯವಾಗಿ ಕಳಿಸಿದ ಜಾಹೀರಾತಿಗೆ ಕಾಯ್ದೆ ಅನ್ವಯಿಸದು. ಅದಕ್ಕೆ ‘ನೋಂದಾಯಿತ ವೈದ್ಯರು, ಆಸ್ಪತ್ರೆ ಅಥವಾ ಪ್ರಯೋಗಾಲಯದ ಬಳಕೆಗೆ ಮಾತ್ರ’ ಎಂಬ ಒಕ್ಕಣೆಯೂ ಇರಬೇಕು. ಲಕೋಟೆಯಲ್ಲಿ ಡಾಕ್ಟರ ಹೆಸರಿಗೆ ಹೋದದ್ದು ಆ ನೆರಳಿನಲ್ಲಿ ನಿಲ್ಲುತ್ತದೆ. ಅದೇ ಪುಟ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದ್ದರೆ ‘ಗೌಪ್ಯ’ ಅಂತ ಯಾವ ಬಾಯಲ್ಲಿ ವಾದಿಸುವುದು? ಶೆಡ್ಯೂಲ್ ಎಚ್, ಎಚ್1, ಎಕ್ಸ್ ಔಷಧಗಳನ್ನು (ವೈದ್ಯರ ಚೀಟಿಗೆ ಮಾತ್ರ ಮಾರಬೇಕಾದವು) ಕೇಂದ್ರದ ಪೂರ್ವಾನುಮತಿ ಇಲ್ಲದೆ ಜಾಹೀರಾತು ಮಾಡಬಾರದು ಅಂತ ಔಷಧ ನಿಯಮಗಳಲ್ಲೂ ಷರತ್ತಿದೆ. ಹಾಗಾಗಿ ಎರಡು ಪಿಡಿಎಫ್ ಮಾಡಿ: ಜಾಹೀರಾತು ತೆಗೆದದ್ದು ಎಲ್ಲರಿಗೆ, ಜಾಹೀರಾತು ಇರುವುದು ಸದಸ್ಯರ ಲಾಗಿನ್ ಒಳಗೆ. ಕ್ಲಿನಿಕ್ಕಿನಲ್ಲಿ ರೋಗಿಗಳು ಕೂರುವ ಬೆಂಚಿನ ಮೇಲೆ ಪತ್ರಿಕೆ ಹಾಕಬೇಡಿ ಅಂತ ಸದಸ್ಯರಿಗೂ ಒಂದು ಸಾಲು ಬರೆಯಿರಿ.

ಔಷಧ ಕಂಪನಿಗಳ ಪ್ರಚಾರಕ್ಕೆ ಇರುವ ಏಕರೂಪ ಸಂಹಿತೆ ಯುಸಿಪಿಎಂಪಿ, 12 ಮಾರ್ಚ್ 2024ರದ್ದು. ಕಾಯ್ದೆಯ ಬಲ ಇಲ್ಲ. ದೂರು ಹೋಗುವುದು ಉದ್ಯಮದ ಸಂಘದೊಳಗಿನ ನೈತಿಕ ಸಮಿತಿಗೇ, ಶಿಕ್ಷೆ ಅಂದರೆ ಅಮಾನತು, ಛೀಮಾರಿ, ತಿದ್ದುಪಡಿ ಪ್ರಕಟಣೆ. ಆದರೂ ನಿಮಗೆ ಉಪಯೋಗ ಇದೆ, ಅದರ ಮಾತುಗಳನ್ನೇ ಎತ್ತಿ ನಿಮ್ಮ ಷರತ್ತಾಗಿ ಬರೆದುಕೊಳ್ಳಬಹುದು. ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಮಾರುಕಟ್ಟೆಯಲ್ಲಿರುವುದನ್ನು ‘ಹೊಸದು’ ಅನ್ನುವಂತಿಲ್ಲ. ವಿವರಣೆ ಇಲ್ಲದೆ ‘ಸುರಕ್ಷಿತ’ ಅನ್ನುವಂತಿಲ್ಲ. ಅಡ್ಡಪರಿಣಾಮವೇ ಇಲ್ಲ ಅನ್ನುವಂತಿಲ್ಲ. ಬೇರೆ ಕಂಪನಿಯ ಬ್ರ್ಯಾಂಡನ್ನು ಅವರ ಒಪ್ಪಿಗೆ ಇಲ್ಲದೆ ಹೋಲಿಕೆಗೆ ಎಳೆಯುವಂತಿಲ್ಲ. ವೈದ್ಯರ ಹೆಸರು, ಫೋಟೋ ಬಳಸುವಂತಿಲ್ಲ. ಹಣ ಕೊಟ್ಟು ಹಾಕಿಸಿದ ಸಾಮಗ್ರಿ ಸಂಪಾದಕೀಯ ಬರಹದಂತೆ ಕಾಣುವಂತಿಲ್ಲ. ಉಪಕರಣಗಳಿಗೆ ಇಂಥದೇ ಸಂಹಿತೆ 2024ರ ಸೆಪ್ಟೆಂಬರ್‌ನಲ್ಲಿ ಬಂದಿದೆ, ಗ್ಲುಕೋಮೀಟರ್ ಜಾಹೀರಾತು ಬಂದಾಗ ನೆನಪಿರಲಿ.

ಒಂದು ಕಿಂಡಿಯೂ ಗೊತ್ತಿರಲಿ. ವೈದ್ಯರು ಕಂಪನಿಯಿಂದ ಉಡುಗೊರೆ, ಪ್ರವಾಸ, ನಗದು ಪಡೆಯಬಾರದೆಂಬ 6.8ನೇ ನಿಯಮವನ್ನು ವೈದ್ಯರ ವೃತ್ತಿ ನಿಯಮಗಳಿಗೆ 2009ರ ಡಿಸೆಂಬರ್‌ನಲ್ಲಿ ಸೇರಿಸಿದರು. ಆ ನಿಯಮದ ವ್ಯಾಪ್ತಿಯಿಂದ ವೈದ್ಯರ ವೃತ್ತಿ ಸಂಘಗಳನ್ನು 2016ರ ತಿದ್ದುಪಡಿ ಹೊರಗಿಟ್ಟಿತು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಬಂತು, ಅದೇ ತಿಂಗಳು ತಡೆಹಿಡಿದರು. ಅಂದರೆ ಡಾಕ್ಟರಿಗೆ ಕೂಡದ್ದು ಡಾಕ್ಟರ ಸಂಘಕ್ಕೆ ಕೂಡುತ್ತದೆ. ನಿಮ್ಮ ನೀತಿ ಪತ್ರ ಬೇಕಾಗಿರುವುದೇ ಆ ಕಿಂಡಿ ಮುಚ್ಚಲು.

ಬ್ಯಾಗ್ ಹೊತ್ತವ

ಎಲ್ಲರೂ ಪುಟದ ಮೇಲಿನದನ್ನೇ ನೋಡುತ್ತಿದ್ದೀರಿ. ಆ ಪುಟಕ್ಕೆ ಹಣ ಬರುವ ದಾರಿ ಎರಡು. ರಾಷ್ಟ್ರಮಟ್ಟದ ಪತ್ರಿಕೆಗಾದರೆ ಹೆಡ್ ಆಫೀಸಿನ ಪ್ರಾಡಕ್ಟ್ ಮ್ಯಾನೇಜರ್ ವರ್ಷದ ಬಜೆಟ್ಟಿನಿಂದ, ಏಜೆನ್ಸಿ ಮೂಲಕ. ಜಿಲ್ಲಾ ಪತ್ರಿಕೆ, ಸಮ್ಮೇಳನದ ಸ್ಮರಣ ಸಂಚಿಕೆಗಾದರೆ ಏರಿಯಾ ಮ್ಯಾನೇಜರ್ ಕೈಲಿರುವ ‘ಆಕ್ಟಿವಿಟಿ’ ದುಡ್ಡಿನಿಂದ. ಎರಡನೆಯದರಲ್ಲಿ ಜಾಹೀರಾತನ್ನು ಯಾರು ಓದುತ್ತಾರೆ ಅನ್ನುವುದು ಲೆಕ್ಕಕ್ಕೇ ಇಲ್ಲ. ಕೇಳಿದ ಡಾಕ್ಟ್ರು ಯಾರು, ಅವರ ಪ್ರಿಸ್ಕ್ರಿಪ್ಷನ್ ಎಷ್ಟು, ಅದಷ್ಟೇ ಲೆಕ್ಕ. ಪುಟ ಬಂದ ಮುಂದಿನ ತಿಂಗಳು ಅವರ ಕ್ಲಿನಿಕ್ ಪಕ್ಕದ ಮೆಡಿಕಲ್ ಶಾಪಿನಲ್ಲಿ ಆರ್‌ಸಿಪಿಎ ಮಾಡಿ, ಅಂದರೆ ಯಾವ ಚೀಟಿಗೆ ಯಾವ ಬ್ರ್ಯಾಂಡ್ ಹೋಯಿತು ಅಂತ ನೋಡಿ, ರಿಪೋರ್ಟ್ ಹಾಕಬೇಕು. ಆ ಬಣ್ಣದ ಪುಟದ ನಿಜವಾದ ಓದುಗ ಪುಟ ಕೇಳಿದ ಸಂಘದ ಕಾರ್ಯದರ್ಶಿ ಒಬ್ಬರೇ.

ಗುರುತು ಹಿಡಿಯುವುದು ಹೀಗೆ. ದರಪಟ್ಟಿಯಲ್ಲಿ ಒಳಪುಟಕ್ಕೆ 8,000 ಅಂತಿದ್ದು 50,000 ಬಂದರೆ ಅದು ಜಾಹೀರಾತಲ್ಲ. ವಿನ್ಯಾಸದ ಫೈಲ್ ಬರುವ ಮೊದಲೇ ಚೆಕ್ ಬಂದರೆ, ‘ನಿಮಗೆ ಸರಿಕಂಡದ್ದು ಹಾಕಿ ಸರ್’ ಅಂದರೆ, ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್’ ಅಂತ ಕಂಪನಿ ಹೆಸರು ಮಾತ್ರ ಇದ್ದರೆ, ಅದೂ ಜಾಹೀರಾತಲ್ಲ. ಒಂದೇ ಕಂಪನಿಯ ಮೂರು ಡಿವಿಷನ್ ಹೆಸರಲ್ಲಿ ಮೂರು ಪುಟ ಬಂದರೂ ಒಂದೇ ಅಂತ ಎಣಿಸಿ.

ತಡೆಯಬೇಕಾದರೆ ಪ್ರಿಸ್ಕ್ರಿಪ್ಷನ್ ಬರೆಯುವ ಯಾರೂ ಜಾಹೀರಾತು ಕೇಳಬಾರದು. ಸಂಘದ ಆಫೀಸಿನ ಗುಮಾಸ್ತರು ಒಂದೇ ದರಪಟ್ಟಿಯನ್ನು ಎಲ್ಲಾ ಕಂಪನಿಗೂ ಇಮೇಲ್ ಮಾಡಲಿ. ರಿಲೀಸ್ ಆರ್ಡರ್, ಅಂದರೆ ಜಾಹೀರಾತು ಹಾಕಿ ಎಂಬ ಲಿಖಿತ ಆದೇಶ, ಹೆಡ್ ಆಫೀಸಿನಿಂದಲೇ ಬರಲಿ, ಊರೂರು ತಿರುಗುವ ಕಂಪನಿ ಪ್ರತಿನಿಧಿ (ಎಂಆರ್) ಕೈಲಿ ಬೇಡ. ಚೌಕಾಶಿ ಎರಡೂ ಕಡೆ ಬೇಡ.

ಕೋರ್ಟ್ ರಸ್ತೆ

ಬ್ಯಾಗ್ ಹೊತ್ತವರ 50,000ಕ್ಕೆ ತೆರಿಗೆಯ ಬಾಲವೂ ಇದೆ. ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ, ವೈದ್ಯರಿಗೆ ಕೊಟ್ಟ ಉಚಿತ ಕೊಡುಗೆಯನ್ನು ಕಂಪನಿ ವ್ಯಾಪಾರದ ವೆಚ್ಚ ಅಂತ ತೋರಿಸಿ ತೆರಿಗೆ ತಪ್ಪಿಸುವಂತಿಲ್ಲ ಎಂದಿತು. ಅದಾದ ಮೇಲೆ ‘ಜಾಹೀರಾತು’ ಎಂಬ ತಲೆಬರಹಕ್ಕೆ ಬೆಲೆ ಬಂದಿದೆ. ಸಂಘದ ರಸೀದಿ ಪುಸ್ತಕ ಯಾರದೋ ಉಡುಗೊರೆಗೆ ಸಾಕ್ಷಿ ಆಗದಿರಲಿ.

ಕೊಪ್ಪದ ಕಾಫಿ

ಇಷ್ಟೆಲ್ಲಾ ಕಾವಲು ಹಾಕುವುದಕ್ಕಿಂತ ಬೇಡ ಅನ್ನುವುದೇ ಅಗ್ಗ ಅಲ್ವಾ? ಕಾವಲು ಹಾಕಿದವರ ಗತಿ ನೋಡಿ. ಅಮೆರಿಕದ ‘ಆ್ಯನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ 1992ರಲ್ಲಿ, ಹತ್ತು ಪತ್ರಿಕೆಗಳ 109 ಪೂರ್ಣಪುಟ ಜಾಹೀರಾತುಗಳನ್ನು ತಜ್ಞರಿಂದ ಪರಿಶೀಲಿಸಿದ ಅಧ್ಯಯನ ಪ್ರಕಟಿಸಿತು. ಬೇರೆ ಮಾಹಿತಿ ಇಲ್ಲದ ವೈದ್ಯರನ್ನು ಶೇ 44ರಷ್ಟು ಜಾಹೀರಾತು ತಪ್ಪು ಔಷಧದ ಕಡೆ ಒಯ್ಯುತ್ತವೆ ಅಂತ ಬಂತು. ಕಂಪನಿಗಳು ಆ ಪತ್ರಿಕೆಯಿಂದ ಜಾಹೀರಾತು ಹಿಂದೆಗೆದವು. ಆ ನಷ್ಟ ಹತ್ತು ಲಕ್ಷ ಡಾಲರಿಗೂ ಮೇಲಂತೆ. ಅಷ್ಟು ದೊಡ್ಡ ಪತ್ರಿಕೆಗೇ ಹೀಗಾದರೆ ಜಿಲ್ಲಾ ತ್ರೈಮಾಸಿಕ ಎಷ್ಟು ದಿನ ಬೆನ್ನು ನೆಟ್ಟಗೆ ಇಟ್ಟುಕೊಳ್ಳುತ್ತೆ?

ಫಾರ್ಮಕಾಲಜಿ ಮೇಷ್ಟ್ರು

ನಿಮ್ಮ ಮಾತಿನಲ್ಲಿ ಹುರುಳಿದೆ, ಕಾಫಿಯವರೇ. ಆದರೆ ‘ಜಾಹೀರಾತು’ ಅಂತ ಹೆಸರಿಟ್ಟುಕೊಂಡು ಬಂದದ್ದನ್ನು ನಿಲ್ಲಿಸಿದ ಕೂಡಲೇ ದುಡ್ಡು ಮನೆಗೆ ಹೋಗುವುದಿಲ್ಲ, ವೇಷ ಬದಲಿಸಿ ಬರುತ್ತದೆ. ಹೆಸರಿಟ್ಟುಕೊಂಡ ಜಾಹೀರಾತನ್ನು ಓದುಗ ಅನುಮಾನದಿಂದ ನೋಡುತ್ತಾನೆ. ವೇಷ ಹಾಕಿದ್ದನ್ನು ವಿಜ್ಞಾನ ಅಂತ ಓದುತ್ತಾನೆ.

ಅತಿ ಕೆಟ್ಟ ಉದಾಹರಣೆ ಆಸ್ಟ್ರೇಲಿಯಾದ್ದು. ‘ಆಸ್ಟ್ರಲೇಷಿಯನ್ ಜರ್ನಲ್ ಆಫ್ ಬೋನ್ ಆ್ಯಂಡ್ ಜಾಯಿಂಟ್ ಮೆಡಿಸಿನ್’ ನೋಡಲು ಪಕ್ಕಾ ವೈದ್ಯಕೀಯ ಪತ್ರಿಕೆ. ದುಡ್ಡು ಕೊಟ್ಟದ್ದು ಔಷಧ ಕಂಪನಿ ಮರ್ಕ್, ಅಚ್ಚು ಹಾಕಿದ್ದು ಪ್ರಕಾಶಕರಾದ ಎಲ್ಸೆವಿಯರ್. ಮರ್ಕ್ ಕಂಪನಿಯ ನೋವಿನ ಮಾತ್ರೆ ವಯಾಕ್ಸ್ ಕುರಿತ ಮೊಕದ್ದಮೆಯಲ್ಲಿ 2009ರಲ್ಲಿ ವಿಷಯ ಹೊರಬಿತ್ತು. 2000ದಿಂದ 2005ರ ನಡುವೆ ಇಂಥ ಪ್ರಾಯೋಜಿತ ಪ್ರಕಟಣೆಗಳು ಒಟ್ಟು ಆರು ಇದ್ದವು, ಪ್ರಾಯೋಜಕರು ಯಾರು ಎಂದು ಸರಿಯಾಗಿ ಹೇಳಿರಲಿಲ್ಲ ಅಂತ ಪ್ರಕಾಶಕರೇ ಒಪ್ಪಿದರು.

ಇನ್ನೊಂದು ವೇಷ ಮರುಮುದ್ರಣ. ವಯಾಕ್ಸ್‌ನ ವಿಗರ್ ಪ್ರಯೋಗ 2000ದಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್’ನಲ್ಲಿ ಬಂತು. ಆ ಲೇಖನದ 9 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಕಂಪನಿ ಕೊಂಡು ಹಂಚಿತು. ಔಷಧವನ್ನು 2004ರ ಸೆಪ್ಟೆಂಬರ್ 30ರಂದು ಹಿಂದೆಗೆದುಕೊಂಡರು. ಮೂರು ಹೃದಯಾಘಾತಗಳು ಲೇಖನದ ಲೆಕ್ಕದಲ್ಲಿ ಸೇರಿರಲಿಲ್ಲ ಅಂತ ಪತ್ರಿಕೆ ಕಳವಳ ಪ್ರಕಟಿಸಿದ್ದು 2005ರ ಡಿಸೆಂಬರ್‌ನಲ್ಲಿ. ಮರುಮುದ್ರಣ ಎಷ್ಟು ದೊಡ್ಡ ಆದಾಯ ಅಂತ ಗೊತ್ತಾಗಲು 2005–06ರ ಲೆಕ್ಕ ನೋಡಿ: ‘ಬಿಎಂಜೆ’ಗೆ ಒಟ್ಟು ಆದಾಯದ ಶೇ 3, ‘ಲ್ಯಾನ್ಸೆಟ್’ಗೆ ಶೇ 41. ಆ ಲೇಖನಗಳ ಮೇಲೆ ಎಲ್ಲೂ ಜಾಹೀರಾತು ಅಂತ ಬರೆದಿರುವುದಿಲ್ಲ.

ಹಾಗಂತ ಹೆಸರಿಟ್ಟುಕೊಂಡದ್ದೆಲ್ಲಾ ಸಾಧು ಅಂತಲೂ ಅಲ್ಲ. ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ 2002ರ ಕೊನೆಗೆ ಬಂದ ಆಕ್ಸಿಕಾಂಟಿನ್ (ಅಫೀಮು ಬಗೆಯ ನೋವಿನ ಔಷಧ) ಜಾಹೀರಾತುಗಳು ಸಾವಿನ ಅಪಾಯವನ್ನು ಸರಿಯಾಗಿ ಹೇಳಲಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರ ಜನವರಿಯಲ್ಲಿ ಎಚ್ಚರಿಕೆ ಪತ್ರ ಕಳಿಸಿತು. ಅದೇ ಪತ್ರಿಕೆ 1953ರವರೆಗೆ ಸಿಗರೇಟು ಜಾಹೀರಾತನ್ನೂ ಹಾಕುತ್ತಿತ್ತು. ದೊಡ್ಡ ಹೆಸರು ನೋಡಿ ಮೈಮರೆಯಬೇಡಿ.

ಸೊರಬದ ಸ್ಟೆತೋಸ್ಕೋಪ್

ಕಾಫಿಯವರು ಅಡಿಕೆ ಮಂಡಿ ಜಾಹೀರಾತು ಅಂದರಲ್ಲ, ಅದನ್ನು ಯಾರೂ ಮುಟ್ಟಲಿಲ್ಲ! ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇಯ ಸೂಚನೆ ಪ್ರಕಾರ ಆರೋಗ್ಯಕ್ಕೆ ತೀವ್ರ ಹಾನಿ ಅಂತ ಸಾಬೀತಾದ ವಸ್ತುವಿನ ಜಾಹೀರಾತು ವೈದ್ಯಕೀಯ ಪತ್ರಿಕೆಯಲ್ಲಿ ಕೂಡದು. ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಅಡಿಕೆಯನ್ನು ಒಂದನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪಿಗೆ, ಸೇರಿಸಿದ ವರದಿ 2004ರದ್ದು. ಶಿವಮೊಗ್ಗದಲ್ಲಿ ಕೂತು ಇದನ್ನು ಬರೆಯುವುದು ಕಷ್ಟ ಅಂತ ಗೊತ್ತು.

ಕೊಪ್ಪದ ಕಾಫಿ

ಬಂತಪ್ಪ. ಮಂಡಿಯ ಠೇವಣಿ ಯೋಜನೆ ಜಾಹೀರಾತು ಬೇರೆ, ಅಡಿಕೆಯ ಜಾಹೀರಾತು ಬೇರೆ. ನಿಮ್ಮ ಓದುಗರಲ್ಲಿ ಅರ್ಧದಷ್ಟು ಡಾಕ್ಟ್ರ ಮನೆಯಲ್ಲೇ ತೋಟ ಇದೆ.

ಸೊರಬದ ಸ್ಟೆತೋಸ್ಕೋಪ್

ಠೇವಣಿಯದ್ದು ಹಾಕಿ, ಅಡ್ಡಿಯಿಲ್ಲ. ಜಗಿಯುವ ಸುಪಾರಿ ಪೊಟ್ಟಣದ್ದು ಬೇಡ. ಬಾಯಿ ಕ್ಯಾನ್ಸರ್ ಲೇಖನ ಇರುವ ಸಂಚಿಕೆಯಲ್ಲಿ ಎರಡೂ ಬೇಡ.

ತುಂಗಾ ದಂಡೆ

ಉಪಕಾರ. ಮೂರನೆಯದಕ್ಕೆ ಇವತ್ತೇ ‘ಆಗದು’ ಅಂತ ಕಾಯ್ದೆಯ ಕಲಮು ನಮೂದಿಸಿ ಪತ್ರ ಹೋಗುತ್ತದೆ. ಎರಡನೆಯದಕ್ಕೆ ಮೂಲ ಸಂಖ್ಯೆ ಸೇರಿಸಿ ಮತ್ತೆ ಕಳಿಸಿ ಎಂದು ಬರೆಯಬಹುದು. ಮೊದಲನೆಯದು ಮಂಗನ ಕಾಯಿಲೆ ಇರುವ ಸಂಚಿಕೆ ಬಿಟ್ಟು ಮುಂದಿನದಕ್ಕೆ, ಅದೂ ನಿಷೇಧದ ಪಟ್ಟಿ ನೋಡಿದ ಮೇಲೆ. ನಾಲ್ಕನೆಯದೇ ತಲೆನೋವು. ಆಸ್ಪತ್ರೆಗಳಿಗೆ ಯುಸಿಪಿಎಂಪಿ ಅನ್ವಯಿಸದು, ಲೇಖನದಲ್ಲಿ ವಿಜ್ಞಾನವೂ ಸ್ವಲ್ಪ ಇದೆ, ಬರೆದವರು ನೋಂದಾಯಿತ ವೈದ್ಯರೇ. ‘ಸೌಜನ್ಯ’ ಅಂತ ಮೇಲೆ ಬರೆದು ಹಾಕಬಹುದಾ?

ಕೋರ್ಟ್ ರಸ್ತೆ

‘ಸೌಜನ್ಯ’ ಬೇಡ, ‘ಪ್ರಾಯೋಜಿತ ವಿಶೇಷ’ವೂ ಬೇಡ, ಆ ಪದಗಳು ಇರುವುದೇ ಮರೆಮಾಚಲು. ಎರಡು ದಾರಿ ಮಾತ್ರ. ಲೇಖನ ಅಂತಾದರೆ ಹಣ ತಗೋಬೇಡಿ, ಹೊರಗಿನ ಇಬ್ಬರು ತಜ್ಞರ ಪರಿಶೀಲನೆಗೆ ಕಳಿಸಿ, ಫೋನ್ ನಂಬರು ಕಿತ್ತುಹಾಕಿ, ಲೇಖಕರ ಹಿತಾಸಕ್ತಿ ಘೋಷಣೆ ಹಾಕಿ. ಜಾಹೀರಾತು ಅಂತಾದರೆ ನಾಲ್ಕೂ ಪುಟದ ತಲೆಯಲ್ಲಿ ‘ಜಾಹೀರಾತು’ ಎಂದು ಅಚ್ಚಾಗಲಿ. ಅಕ್ಷರವಿನ್ಯಾಸ ಬೇರೆ ಇರಲಿ, ಪರಿವಿಡಿಯಲ್ಲಿ ಬರಬಾರದು, ಸಂಪುಟದ ಪುಟಸಂಖ್ಯೆ ಬೀಳಬಾರದು. ವೈದ್ಯರ ಫೋಟೋ ಬೇಡ; 2002ರ ವೃತ್ತಿ ನಿಯಮಗಳು ರೋಗಿಗಳನ್ನು ಸೆಳೆಯುವ ಪ್ರಚಾರಕ್ಕೂ, ರೋಗಿ ಕಳಿಸಿದ್ದಕ್ಕೆ ಕಮಿಷನ್ನಿಗೂ ಅಡ್ಡಿ. ‘ರೆಫರ್ ಮಾಡುವ ವೈದ್ಯರಿಗೆ ವಿಶೇಷ ಸೌಲಭ್ಯ’ ಅನ್ನುವ ಸಾಲು ಎಲ್ಲಾದರೂ ಅಡಗಿದೆಯಾ ಅಂತ ಎರಡು ಸಲ ಓದಿ.

ಬ್ಯಾಗ್ ಹೊತ್ತವ

ಜಾಹೀರಾತು ಅಂತ ಹಾಕುತ್ತೇವೆ ಅಂದ ಕೂಡಲೇ ಆಸ್ಪತ್ರೆಯವರು ನಾಲ್ಕು ಪುಟವನ್ನು ಒಂದಕ್ಕೆ ಇಳಿಸುತ್ತಾರೆ, ನೋಡ್ತಾ ಇರಿ. ಅವರಿಗೆ ಬೇಕಿದ್ದದ್ದು ಪತ್ರಿಕೆಯ ಅಕ್ಷರ, ಜಾಗ ಅಲ್ಲ.

ಅಚ್ಚಿನಮನೆ

ಒಂದಕ್ಕಿಳಿದರೆ ಉಳಿದ ಮೂರು ಪುಟಕ್ಕೆ ಏನು ಅಂತ ಮೊದಲೇ ಹೇಳಿ. ಓದುಗರ ಪತ್ರಕ್ಕೆ ಇಡಬಹುದು. ಜಾಹೀರಾತನ್ನು ಟೀಕಿಸಿ ಬಂದ ಪತ್ರವನ್ನೂ ಪ್ರಕಟಣೆಗೆ ಪರಿಗಣಿಸಬೇಕು ಅಂತ ಐಸಿಎಂಜೆಇ ಸೂಚನೆಯಲ್ಲೇ ಇದೆ. ರಿಲೀಸ್ ಆರ್ಡರಿನ ಹಿಂಬದಿಗೆ ಅಚ್ಚು ಹಾಕಲು ಈ ಸಾಲು ಸಾಕು: ‘ಜಾಗದ ಆಯ್ಕೆ, ಮುಂದೂಡಿಕೆ, ನಿರಾಕರಣೆ ಸಂಪಾದಕರ ಹಕ್ಕು. ಈ ಜಾಹೀರಾತಿನ ಕುರಿತ ಓದುಗರ ಟೀಕೆಯನ್ನು ಪತ್ರಿಕೆ ಪ್ರಕಟಿಸಬಹುದು. ನಿರಾಕರಿಸಿದಲ್ಲಿ ಹಣ ವಾಪಸು, ಬೇರೆ ಪರಿಹಾರ ಇಲ್ಲ.’ ಸಹಿ ಹೆಡ್ ಆಫೀಸಿನದ್ದು ಇದ್ದರೆ ಮಾತ್ರ ಫೈಲ್ ಪ್ರೆಸ್ಸಿಗೆ ಕಳಿಸಿ.